ಮೆಸ್ಸೀಯನ ವಿಷಯವನ್ನು ಯಹೂದಿ ಮತ್ತು ಕ್ರೈಸ್ತ ನೆಲೆಗಳಿಂದ ಓದುವ ಕ್ರಮ

ಚಿಂತಾಮಣಿಯಲ್ಲಿ ನಾವು ಏಳೆಂಟು ಮಂದಿ ಭಾನುವಾರ ಸಂಜೆ ಸೇರಿ ಬೇರೆ ಬೇರೆ ಧರ್ಮಗಳ ಗ್ರಂಥಗಳನ್ನು ಓದುವ ರೂಢಿ ಇಟ್ಟುಕೊಂಡಿದ್ದೇವೆ. ಮೆಸ್ಸೀಯನೆಂದರೆ ಯಹೂದಿಗಳು ಎದುರುನೋಡುವ, ಯೇಸುವೇ ಅವನೆಂದು ಕ್ರೈಸ್ತರು ನಂಬುವ ಅಭಿಷಿಕ್ತ. ಆ ವಿಷಯವನ್ನು ಮೊದಲ ಸಲ ಎತ್ತಿಕೊಂಡಾಗ ನಾನು ನೇರವಾಗಿ ಬೈಬಲಿನ ಪ್ರವಾದಿ ಯೆಶಾಯನ ಗ್ರಂಥದ 53ನೆಯ ಅಧ್ಯಾಯವನ್ನು ತೆರೆದೆ, ಅದೇ ತಪ್ಪಾಯಿತು. ಇತರರ ತಪ್ಪಿಗಾಗಿ ನೊಂದ ಸೇವಕನ ಮಾತಿರುವ ಆ ಅಧ್ಯಾಯದಲ್ಲಿ ಕ್ರೈಸ್ತರು ಯೇಸುವನ್ನೇ ಕಾಣುತ್ತಾರೆ. ಅರ್ಧ ಗಂಟೆಯೊಳಗೆ ಓದು ನಿಂತು ವಾದ ಶುರುವಾಗಿ, 'ಇಷ್ಟು ಸ್ಪಷ್ಟವಾಗಿರುವುದನ್ನು ಯಹೂದಿಗಳು ಏಕೆ ಒಪ್ಪಲಿಲ್ಲ?' ಎಂಬಲ್ಲಿಗೇ ಮಾತು ಮತ್ತೆ ಮತ್ತೆ ಬಂದು ನಿಂತಿತು. ಆ ಪ್ರಶ್ನೆಯೇ ಕ್ರೈಸ್ತರ ಓದಿನಿಂದ ಹುಟ್ಟಿದ್ದೆಂಬುದು ಆಗ ನಮಗೆ ಹೊಳೆಯಲಿಲ್ಲ. ಎರಡನೆಯ ಸಲ ಕ್ರಮವನ್ನು ಬದಲಿಸಿದೆ. ಅದನ್ನೇ ಇಲ್ಲಿ ಹೇಳುತ್ತಿದ್ದೇನೆ. ಇದಕ್ಕೆ ಕನ್ನಡದ ಸತ್ಯವೇದದ, ಅಂದರೆ ಬೈಬಲಿನ, ಒಂದು ಪ್ರತಿ ಮತ್ತು ಮೂರು ಸಂಜೆಗಳ ಬಿಡುವು ಸಾಕು.

ಮೊದಲು ಪದದಿಂದ ಆರಂಭಿಸಿ. ಹೀಬ್ರೂ ಭಾಷೆಯ 'ಮಾಷಿಯಾಹ್' ಎಂದರೆ ಎಣ್ಣೆಯಿಂದ ಅಭಿಷೇಕ ಹೊಂದಿದವನು. ಗ್ರೀಕಿನ 'ಕ್ರಿಸ್ತೋಸ್' ಅದೇ ಮಾತಿನ ಅನುವಾದ. ಆದ್ದರಿಂದ 'ಯೇಸು ಕ್ರಿಸ್ತ' ಎನ್ನುವಲ್ಲಿ ಎರಡನೆಯದು ಮೂಲತಃ ಹೆಸರಲ್ಲ, ಬಿರುದು. ಅಭಿಷೇಕವೆಂದರೆ ನಮಗೆ ತಟ್ಟನೆ ನೆನಪಾಗುವುದು ವಿಗ್ರಹದ ಮೇಲೆ ಸುರಿಯುವ ಹಾಲು, ಮೊಸರು. ಇಲ್ಲಿ ಹತ್ತಿರವಾದದ್ದು ಪಟ್ಟಾಭಿಷೇಕ. 1 ಸಮುವೇಲ ಎಂಬ ಗ್ರಂಥದ 16ನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಿಸಿ. ಪ್ರವಾದಿ ಸಮುವೇಲ ಕೊಂಬಿನಲ್ಲಿ ಎಣ್ಣೆ ತುಂಬಿಕೊಂಡು ಬೇತ್ಲೆಹೇಮಿಗೆ ಬರುತ್ತಾನೆ. ಇಷಯನ ಏಳು ಮಕ್ಕಳು ಒಬ್ಬೊಬ್ಬರಾಗಿ ಮುಂದೆ ಹಾದುಹೋದರೂ ಯಾರೂ ಆಯ್ಕೆಯಾಗುವುದಿಲ್ಲ. ಕೊನೆಗೆ ಕುರಿ ಕಾಯಲು ಹೋಗಿದ್ದ ಕಿರಿಯವನನ್ನು ಕರೆಸಿ ಅವನ ತಲೆಗೆ ಎಣ್ಣೆ ಎರೆಯುತ್ತಾನೆ. ಅವನೇ ದಾವೀದ. ಬಳಿಕ ಯೆಶಾಯ 45ರ ಮೊದಲ ವಚನಕ್ಕೆ ಬನ್ನಿ. ಅಲ್ಲಿ ಅಭಿಷಿಕ್ತನೆನಿಸಿಕೊಂಡವನು ಪಾರಸಿಯ ದೊರೆ ಕೋರೆಷ. ಅವನು ಇಸ್ರಾಯೇಲನೂ ಅಲ್ಲ, ಆ ದೇವರನ್ನು ಅರಿತವನೂ ಅಲ್ಲ. ಇದೊಂದು ವಚನ ಓದಿದ ಮೇಲೆ 'ಮೆಸ್ಸೀಯನೆಂದರೆ ಅವತಾರ' ಎಂಬ ಗ್ರಹಿಕೆ ತಾನಾಗಿ ಸಡಿಲಗೊಳ್ಳುತ್ತದೆ.

ನಮ್ಮ ಸೀಮೆಯಲ್ಲಿ ಈ ಗ್ರಹಿಕೆ ಸಹಜವಾದದ್ದೇ. ಕೈವಾರ ತಾತಯ್ಯನವರ ಕಾಲಜ್ಞಾನ ಕೇಳಿ ಬೆಳೆದವರು, ಆಂಧ್ರದ ಗಡಿಯ ಆಚೀಚೆ ವೀರಬ್ರಹ್ಮೇಂದ್ರರು ವೀರಭೋಗ ವಸಂತರಾಯರಾಗಿ ಮರಳುವರೆಂದು ನಂಬಿದವರು, ಕಲ್ಕಿಯ ಕಥೆ ಬಲ್ಲವರು, ಎಲ್ಲರೂ ಬರಲಿರುವವನೊಬ್ಬನ ಕಲ್ಪನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಕೂರುತ್ತಾರೆ. ಹೋಲಿಕೆಯನ್ನು ಬೇಡವೆನ್ನಬೇಡಿ, ಆದರೆ ಮೂರನೆಯ ಸಂಜೆಗೆ ಮುಂದೂಡಿ. ಮೊದಲೇ ತಂದರೆ ಮೂರೂ ಕಲಸಿಹೋಗುತ್ತವೆ.

ಇನ್ನು ಯಹೂದಿ ಓದು. ನಮ್ಮ ಜೊತೆ ಕೂತು ಓದಲು ಊರಿನಲ್ಲಿ ಯಹೂದಿಗಳಿಲ್ಲ. ಹಾಗಾಗಿ ಅವರ ಪಕ್ಷವನ್ನು ಹೇಳುವವರೇ ಇಲ್ಲದಂತಾಗುತ್ತದೆ. ಇದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ, ಆ ಪಕ್ಷವನ್ನು ಗುಂಪಿನ ಕ್ರೈಸ್ತ ಸದಸ್ಯರೊಬ್ಬರಿಗೆ ಒಪ್ಪಿಸುವುದು, ಕ್ರೈಸ್ತರದನ್ನು ಬೇರೊಬ್ಬರಿಗೆ ಕೊಡುವುದು. ಬೈಬಲಿನಲ್ಲಿ ಕ್ರೈಸ್ತರದು ಮಾತ್ರವಾದ ಭಾಗ, ಹೊಸ ಒಡಂಬಡಿಕೆಯನ್ನು, ಈ ಸಂಜೆ ಮುಟ್ಟಬಾರದು. 2 ಸಮುವೇಲ 7ರಲ್ಲಿ ದಾವೀದನ ಸಿಂಹಾಸನ ಶಾಶ್ವತವೆಂಬ ವಾಗ್ದಾನವಿದೆ; ಕ್ರಿ.ಪೂ. 586ರ ಸುಮಾರಿಗೆ ಬಾಬೆಲಿನವರು ಯೆರೂಸಲೇಮನ್ನು ಕೆಡವಿದಾಗ ಆ ಸಿಂಹಾಸನವೇ ಇಲ್ಲವಾಯಿತು. ವಾಗ್ದಾನ ಉಳಿದು ಅರಸನಿಲ್ಲದಿದ್ದಾಗ ನಿರೀಕ್ಷೆ ಮುಂದಿನ ಕಾಲದ ಕಡೆಗೆ ತಿರುಗಿತು. ಯೆಶಾಯ 11ನ್ನು ಈ ಹಿನ್ನೆಲೆಯಲ್ಲಿ ಓದಬೇಕು: ಇಷಯನ ಬುಡದಿಂದ ಚಿಗುರುವ ಅರಸ, ಬಡವರಿಗೆ ನ್ಯಾಯ, ಚದರಿದವರ ಒಗ್ಗೂಡುವಿಕೆ.

12ನೆಯ ಶತಮಾನದ ಯಹೂದಿ ಪಂಡಿತ ಮೈಮೋನಿಡೆಸ್ ಇದನ್ನು ಕಟ್ಟುನಿಟ್ಟಾಗಿ ವಿಧಿಸಿದ. ಮೆಸ್ಸೀಯ ದಾವೀದನ ವಂಶದ ಮನುಷ್ಯ, ದೇವರಲ್ಲ, ಪವಾಡ ತೋರಿಸಬೇಕಾಗಿಲ್ಲ, ಯೆರೂಸಲೇಮಿನ ದೇವಾಲಯವನ್ನು ಮತ್ತೆ ಕಟ್ಟಿ ಚದರಿದ ಜನರನ್ನು ಕೂಡಿಸಿದರೆ ಅವನು ನಿಶ್ಚಿತವಾಗಿ ಮೆಸ್ಸೀಯ, ಆ ಕಾರ್ಯ ಕೈಗೂಡದಿದ್ದರೆ ಅಥವಾ ಅವನು ಕೊಲ್ಲಲ್ಪಟ್ಟರೆ ಅವನಲ್ಲ. ಇದಕ್ಕೆ ಅವನು ಕೊಡುವ ಉದಾಹರಣೆ ನನಗೆ ಬಹಳ ಹಿಡಿಸಿದ್ದು. ಕ್ರಿ.ಶ. 132ರಿಂದ 135ರವರೆಗೆ ರೋಮಿನ ವಿರುದ್ಧ ಬಂಡೆದ್ದ ಬಾರ್ ಕೋಖ್ಬಾನನ್ನು ರಬ್ಬಿ ಅಕಿವನಂಥ ಮಹಾಪಂಡಿತನೇ ಮೆಸ್ಸೀಯನೆಂದು ನಂಬಿದ್ದ. ಬಾರ್ ಕೋಖ್ಬಾ ಹತನಾದಾಗ ಅವನು ಮೆಸ್ಸೀಯನಲ್ಲವೆಂದು ತಿಳಿಯಿತು. ಕೆಲಸವಾದರೆ ಹೌದು, ಆಗದಿದ್ದರೆ ಅಲ್ಲ. ಎಲ್ಲ ಯಹೂದಿಗಳೂ ಇದೇ ನುಡಿಯುತ್ತಾರೆಂದು ಮಾತ್ರ ಹೇಳಬೇಡಿ; ಸುಧಾರಣಾವಾದಿ ಯಹೂದಿಗಳು ಒಬ್ಬ ವ್ಯಕ್ತಿಗಿಂತ ಶಾಂತಿಯ ಯುಗವೊಂದನ್ನು ನಿರೀಕ್ಷಿಸುವುದೇ ಹೆಚ್ಚು.

ಕ್ರೈಸ್ತ ಓದನ್ನು ಎರಡನೆಯ ಸಂಜೆ, ಯೇಸುವಿನ ಬದುಕನ್ನು ಹೇಳುವ ಮಾರ್ಕನ ಸುವಾರ್ತೆಯ 8ನೆಯ ಅಧ್ಯಾಯದಿಂದ ಆರಂಭಿಸಿ. 'ನೀನು ಕ್ರಿಸ್ತನು' ಎಂದು ಶಿಷ್ಯ ಪೇತ್ರ ಯೇಸುವಿಗೆ ಹೇಳುತ್ತಾನೆ. ಯೇಸು ಕೂಡಲೇ ತಾನು ಕಷ್ಟಪಟ್ಟು ಸಾಯಬೇಕೆಂದು ತಿಳಿಸುತ್ತಾನೆ. ಪೇತ್ರ ಅವನನ್ನೇ ಗದರಿಸುತ್ತಾನೆ. ಇಲ್ಲಿ ಒಂದು ನಿಮಿಷ ಓದನ್ನು ನಿಲ್ಲಿಸಿ. ಸಾಯುವ ಮೆಸ್ಸೀಯನನ್ನು ಹತ್ತಿರದ ಶಿಷ್ಯನೂ ನಿರೀಕ್ಷಿಸಿರಲಿಲ್ಲವೆಂದು ಸುವಾರ್ತೆಯೇ ಒಪ್ಪಿಕೊಳ್ಳುತ್ತಿದೆ. ಪುನರುತ್ಥಾನವನ್ನು ನಂಬಿದ ಮೇಲೆ ಶಿಷ್ಯರು ಹಳೆಯ ಗ್ರಂಥವನ್ನು ಹಿಂದಿರುಗಿ ಓದಿದರು. ಆಗ ಶಿಲುಬೆ ಸೋಲಾಗಿರದೆ ಮೆಸ್ಸೀಯನ ಕಾರ್ಯವೇ ಆಯಿತು, ಆ ಕಾರ್ಯ ಪಾಪದಿಂದ ಬಿಡುಗಡೆಯಾಯಿತು.

ಯೆಶಾಯ 53ಕ್ಕೆ ಈಗ ಬನ್ನಿ. ನಮ್ಮ ಅತಿಕ್ರಮಗಳಿಗಾಗಿ ಗಾಯಗೊಂಡ ಸೇವಕನಲ್ಲಿ ಕ್ರೈಸ್ತರು ಯೇಸುವನ್ನು ಕಾಣುತ್ತಾರೆ. 11ನೆಯ ಶತಮಾನದ ಯಹೂದಿ ವ್ಯಾಖ್ಯಾನಕಾರ ರಾಷಿ ಅದೇ ಸೇವಕನಲ್ಲಿ ನೊಂದ ಇಸ್ರಾಯೇಲ್ ಜನಾಂಗವನ್ನು ಕಂಡ. ಯೆಶಾಯ 41:8 ಮತ್ತು 49:3ರಲ್ಲಿ ಇಸ್ರಾಯೇಲೇ ಸೇವಕನೆನಿಸಿಕೊಂಡಿರುವುದು ಅವನ ಪಕ್ಷಕ್ಕೆ ಬಲ. ಯೆಶಾಯ 7:14ಕ್ಕೂ ಸ್ವಲ್ಪ ಸಮಯ ಕೊಡಿ: ಹೀಬ್ರೂವಿನ 'ಅಲ್ಮಾ' ಯುವತಿ, ಗ್ರೀಕ್ ಅನುವಾದದ 'ಪಾರ್ಥೆನೋಸ್' ಕನ್ಯೆ, ಯೇಸು ಕನ್ಯೆಯಲ್ಲಿ ಹುಟ್ಟಿದನೆನ್ನುವ ಸುವಾರ್ತೆಕಾರ ಮತ್ತಾಯ ಅನುಸರಿಸಿದ್ದು ಗ್ರೀಕನ್ನು. ನಿಮ್ಮ ಕೈಯಲ್ಲಿರುವ ಕನ್ನಡ ಪ್ರತಿ ಯಾವ ಪದ ಬಳಸಿದೆಯೆಂದು ನೋಡಿ.

ಮೂರನೆಯ ಸಂಜೆ ಯೆಶಾಯ 2:4ನ್ನು ಇಟ್ಟುಕೊಳ್ಳಿ, ಕತ್ತಿಗಳನ್ನು ಬಡಿದು ಗುಳ ಮಾಡುವ ಮಾತು. ಇದು ಇನ್ನೂ ನಡೆದಿಲ್ಲ, ಆದ್ದರಿಂದ ಮೆಸ್ಸೀಯ ಬಂದಿಲ್ಲ ಎನ್ನುತ್ತಾನೆ ಯಹೂದಿ. ನಡೆದಿಲ್ಲ, ಆದ್ದರಿಂದ ಬಂದವನೇ ಮತ್ತೆ ಬರಬೇಕು ಎನ್ನುತ್ತಾನೆ ಕ್ರೈಸ್ತ. ಕೆ.ಜಿ.ಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಡಿಸೆಂಬರ್ ಬಂತೆಂದರೆ ಮನೆಗಳ ಮುಂದೆ ನಕ್ಷತ್ರದ ದೀಪ ತೂಗುತ್ತವೆ. ಕ್ರಿಸ್ಮಸ್‌ಗೆ ಮುಂಚಿನ ಆ ನಾಲ್ಕು ಭಾನುವಾರಗಳ ಆಗಮನ ಕಾಲ ಹುಟ್ಟಿದ ಮಗುವಿಗಾಗಿ ಮಾತ್ರವಲ್ಲ, ಎರಡನೆಯ ಬರೋಣಕ್ಕಾಗಿಯೂ ಇರುವುದೆಂದು ಅಲ್ಲಿನವರಿಂದಲೇ ಹೇಳಿಸಿದರೆ ಚೆನ್ನ. ವಸಂತರಾಯರನ್ನೂ ಕಲ್ಕಿಯನ್ನೂ ಈಗ ಧಾರಾಳವಾಗಿ ಮಾತಿಗೆ ತನ್ನಿ.

ಕೊನೆಯಲ್ಲಿ ಪುಸ್ತಕದ ಜೋಡಣೆಯನ್ನೇ ತೋರಿಸಿ. ಕ್ರೈಸ್ತರ ಹಳೆಯ ಒಡಂಬಡಿಕೆ ಪ್ರವಾದಿ ಮಲಾಕಿಯ ಗ್ರಂಥದಿಂದ ಮುಗಿಯುತ್ತದೆ: ಮೆಸ್ಸೀಯನಿಗೆ ಮುಂಚೆ ಬರುವನೆಂದು ನಂಬಲಾದ ಪ್ರವಾದಿ ಎಲೀಯನನ್ನು ಕಳುಹಿಸುವೆನೆಂಬ ಮಾತು, ಪುಟ ಮಗುಚಿದರೆ ಮತ್ತಾಯನ ವಂಶಾವಳಿ. ಯಹೂದಿಗಳ ಜೋಡಣೆಯಲ್ಲಿ ಕೊನೆಯದು ಪೂರ್ವಕಾಲವೃತ್ತಾಂತ; ಅದರ ಕಡೆಯ ವಚನದಲ್ಲಿ ಅದೇ ಕೋರೆಷ, ಯೆರೂಸಲೇಮಿಗೆ ಹೊರಡಬಯಸುವವನು ಹೊರಡಲಿ ಎಂದು ಅಪ್ಪಣೆ ಕೊಡಿಸುತ್ತಾನೆ. ಎರಡನ್ನೂ ಒಂದರ ಬೆನ್ನಿಗೆ ಒಂದು ಓದಿಸಿ. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕ ಹಬ್ಬದ ರಾತ್ರಿ ಯಹೂದಿ ಮನೆಗಳಲ್ಲಿ ಎಲೀಯನಿಗೆಂದು ಒಂದು ಬಟ್ಟಲು ದ್ರಾಕ್ಷಾರಸ ತುಂಬಿಟ್ಟು ಬಾಗಿಲು ತೆರೆಯುವುದನ್ನು ಆಗ ಹೇಳಿ.