ಹಳೆಯ ಲ್ಯಾಪ್‌ಟಾಪಿಗೆ ಸ್ವಾಪ್ ಜಾಗ: ಎಷ್ಟು ಇಡಬೇಕು, ಹೇಗೆ ಇಡಬೇಕು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಮನೆಗಳಲ್ಲಿ 4 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪುಗಳು ಇನ್ನೂ ದುಡಿಯುತ್ತಿವೆ. ವಿಂಡೋಸ್ ಭಾರವಾಯಿತೆಂದು ಅವುಗಳಿಗೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿಸಿಕೊಂಡವರು ಸಾಮಾನ್ಯವಾಗಿ ಹೇಳುವ ದೂರು ಒಂದೇ: ಚಾಲಿ, ರಾಶಿ ಅಡಿಕೆಯ ಲೆಕ್ಕವನ್ನು ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೆದಿಟ್ಟು, ಬ್ರೌಸರಿನಲ್ಲಿ ನಾಲ್ಕಾರು ಟ್ಯಾಬ್ ತೆರೆದರೆ ಯಂತ್ರ ನಿಂತೇ ಬಿಡುತ್ತದೆ, ಇಲ್ಲವೇ ಬ್ರೌಸರ್ ಹೇಳದೆ ಕೇಳದೆ ಮುಚ್ಚಿಹೋಗುತ್ತದೆ. ಇಂಥ ಯಂತ್ರದಲ್ಲಿ ಮೊದಲು ನೋಡಬೇಕಾದದ್ದು ಸ್ವಾಪ್.

ರ‍್ಯಾಮ್ ತುಂಬುತ್ತ ಬಂದಾಗ ಲಿನಕ್ಸ್ ಕರ್ನಲ್ (ವ್ಯವಸ್ಥೆಯ ತಿರುಳು), ಬಹಳ ಹೊತ್ತಿನಿಂದ ಯಾರೂ ಮುಟ್ಟದ ಮಾಹಿತಿಯನ್ನು 4 ಕೆಬಿಯ ಪುಟಗಳ ಲೆಕ್ಕದಲ್ಲಿ ಡಿಸ್ಕಿನ ಸ್ವಾಪ್ ಜಾಗಕ್ಕೆ ಸಾಗಿಸುತ್ತದೆ. ಸದ್ಯ ಬೇಡದ ಮೂಟೆಯನ್ನು ಅಟ್ಟಕ್ಕೆ ಏರಿಸಿ ಜಗುಲಿ ಖಾಲಿ ಮಾಡಿದಂತೆ. ಸ್ವಾಪ್ ಇಲ್ಲವೇ ಇಲ್ಲದಿದ್ದರೆ, ಅಥವಾ ಇದ್ದದ್ದೂ ತುಂಬಿದರೆ, ಕರ್ನಲ್ ಕೊನೆಯ ಉಪಾಯವಾಗಿ ಹೆಚ್ಚು ಮೆಮೊರಿ ಹಿಡಿದಿರುವ ಒಂದು ಪ್ರೋಗ್ರಾಮನ್ನು ಆರಿಸಿ ಕೊಲ್ಲುತ್ತದೆ. ಬ್ರೌಸರ್ ಏಕಾಏಕಿ ಮಾಯವಾಗುವುದಕ್ಕೆ ಅನೇಕ ಸಲ ಇದೇ ಕಾರಣ. ಆದರೆ ಸ್ವಾಪ್ ರ‍್ಯಾಮ್‌ಗೆ ಬದಲಿಯಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸಬೇಕು. ಹಾರ್ಡ್ ಡಿಸ್ಕ್ ರ‍್ಯಾಮ್‌ಗಿಂತ ಸಾವಿರಾರು ಪಟ್ಟು ನಿಧಾನ. ದಿನವಿಡೀ ಸ್ವಾಪ್ ನಂಬಿ ಕೆಲಸ ಮಾಡಬೇಕಾದ ಯಂತ್ರಕ್ಕೆ ಇನ್ನೊಂದು ರ‍್ಯಾಮ್ ಪಟ್ಟಿ ಹಾಕಿಸುವುದೇ ಸರಿಯಾದ ಪರಿಹಾರ.

ಮುಂದಿನ ಕಮಾಂಡುಗಳನ್ನೆಲ್ಲ ಓದಲು ಅನುಕೂಲವಾಗಲೆಂದು ಕನ್ನಡ ಅಕ್ಷರಗಳಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ (ಕಮಾಂಡ್ ಬರೆಯುವ ಕಿಟಕಿಯಲ್ಲಿ) ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ಗಾತ್ರ ಸೂಚಿಸುವ ಎಂ ಮತ್ತು ಮುಂದೆ ಹೇಳಿದ ಕೆಲವು ಮಾತ್ರ ದೊಡ್ಡಕ್ಷರ.

ಮೊದಲು ಈಗಿನ ಸ್ಥಿತಿ ತಿಳಿಯಬೇಕು:

ಫ್ರೀ -ಎಚ್
ಸ್ವಾಪ್‌ಆನ್ --ಶೋ

ಮೊದಲ ಕಮಾಂಡ್ ಎರಡು ಸಾಲು ತೋರಿಸುತ್ತದೆ, ಮೇಲಿನದು ರ‍್ಯಾಮ್, ಕೆಳಗಿನದು ಸ್ವಾಪ್. 4 ಜಿಬಿಯ ಯಂತ್ರದಲ್ಲಿ ಒಟ್ಟು ರ‍್ಯಾಮ್ 3.7 ಎಂದೋ ಅದರ ಆಸುಪಾಸಿನಲ್ಲೋ ಕಂಡರೆ ಗಾಬರಿಯಾಗಬೇಕಿಲ್ಲ. ಉಳಿದದ್ದನ್ನು ಗ್ರಾಫಿಕ್ಸ್ ಮತ್ತು ಕರ್ನಲ್ ಮೊದಲೇ ತೆಗೆದಿಟ್ಟುಕೊಂಡಿರುತ್ತವೆ. ಇಲ್ಲಿ ಅನೇಕರು ಫ್ರೀ ಎಂಬ ಅಂಕಣ ನೋಡಿ ರ‍್ಯಾಮ್ ಮುಗಿಯಿತೆಂದುಕೊಳ್ಳುತ್ತಾರೆ. ಕರ್ನಲ್ ಖಾಲಿ ರ‍್ಯಾಮನ್ನು ಫೈಲುಗಳ ಕ್ಯಾಶ್‌ಗೆ, ಅಂದರೆ ಡಿಸ್ಕಿನಿಂದ ಓದಿದ್ದರ ಪ್ರತಿಯನ್ನು ಇಟ್ಟುಕೊಳ್ಳಲು, ಬಳಸಿಕೊಳ್ಳುವುದರಿಂದ ಆ ಅಂಕಣ ಸಾಮಾನ್ಯವಾಗಿ ಸಣ್ಣದಾಗಿಯೇ ಇರುತ್ತದೆ. ನೋಡಬೇಕಾದದ್ದು ಬಲತುದಿಯ ಅವೈಲಬಲ್ ಅಂಕಣವನ್ನು. ಕೆಳಗಿನ ಸಾಲಿನಲ್ಲಿ ಬರೀ ಸೊನ್ನೆಗಳಿದ್ದರೆ ಸ್ವಾಪ್ ಇಲ್ಲ ಎಂದರ್ಥ.

ಸ್ವಾಪ್‌ನಲ್ಲಿ ಒಂದಿಷ್ಟು ತುಂಬಿಕೊಂಡಿರುವುದು ದೋಷವಲ್ಲ. ಬೆಳಿಗ್ಗೆ ತೆರೆದು ಮರೆತ ಪ್ರೋಗ್ರಾಮಿನ ಪುಟಗಳು ಅಲ್ಲೇ ಬಿದ್ದಿದ್ದರೆ ಯಾರಿಗೂ ತೊಂದರೆಯಿಲ್ಲ. ತೊಂದರೆ ಇರುವುದು ಪುಟಗಳು ನಿರಂತರವಾಗಿ ಹೋಗಿ ಬಂದು ಮಾಡುವಾಗ. ಅದನ್ನು ತಿಳಿಯಲು ಯಂತ್ರ ನಿಧಾನವಾದ ಹೊತ್ತಿನಲ್ಲೇ ‘ವಿಎಂಸ್ಟ್ಯಾಟ್ 1’ ಎಂದು ಕೊಟ್ಟು, ಸೆಕೆಂಡಿಗೊಂದು ಸಾಲಿನಂತೆ ಬರುವ ಪಟ್ಟಿಯಲ್ಲಿ ಎಸ್‌ಐ ಮತ್ತು ಎಸ್‌ಒ ಅಂಕಣಗಳನ್ನು ಗಮನಿಸಬೇಕು. ಮೊದಲನೆಯದು ಸ್ವಾಪ್‌ನಿಂದ ಮರಳುವ, ಎರಡನೆಯದು ಸ್ವಾಪ್‌ಗೆ ಹೋಗುವ ಪ್ರಮಾಣ. ಪಟ್ಟಿಯ ಮೊದಲ ಸಾಲು ಯಂತ್ರ ಶುರುವಾದಂದಿನಿಂದ ಇರುವ ಸರಾಸರಿಯಾದ್ದರಿಂದ ಅದನ್ನು ಬಿಟ್ಟು ಮುಂದಿನವನ್ನು ನೋಡಬೇಕು. ಎರಡೂ ಸೊನ್ನೆಯ ಹತ್ತಿರವಿದ್ದರೆ ನಿಧಾನಕ್ಕೆ ಕಾರಣ ಬೇರೆಲ್ಲೋ ಇದೆ. ಸಾವಿರಗಳ ಲೆಕ್ಕದಲ್ಲಿ ಓಡುತ್ತಲೇ ಇದ್ದರೆ ರ‍್ಯಾಮ್ ಸಾಲುತ್ತಿಲ್ಲ.

ಗಾತ್ರದ ಬಗ್ಗೆ ‘ರ‍್ಯಾಮಿನ ಎರಡು ಪಟ್ಟು’ ಎಂಬ ಹಳೆಯ ಸೂತ್ರವನ್ನು ಇಂದು ಕಣ್ಣುಮುಚ್ಚಿ ಅನುಸರಿಸಬೇಕಿಲ್ಲ. ನನ್ನ ಅಭಿಪ್ರಾಯದಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಹೈಬರ್ನೇಟ್ (ತೆರೆದ ಕೆಲಸವನ್ನೆಲ್ಲ ಡಿಸ್ಕಿನಲ್ಲಿ ಬರೆದಿಟ್ಟು ಯಂತ್ರ ಪೂರ್ತಿ ಆರುವುದು) ಬೇಕೇ, ಬೇಡವೇ? ಬೇಡವಾದರೆ 4 ಜಿಬಿ ರ‍್ಯಾಮ್‌ಗೆ 2 ಜಿಬಿ ಸ್ವಾಪ್ ಸಾಕಾಗುತ್ತದೆ. ಬೇಕಾದರೆ ಕನಿಷ್ಠ ರ‍್ಯಾಮಿನಷ್ಟು ಇಡಬೇಕು, ಏಕೆಂದರೆ ಹೈಬರ್ನೇಟ್ ಆಗುವಾಗ ಮೆಮೊರಿಯ ಪ್ರತಿ ಸ್ವಾಪ್‌ನಲ್ಲೇ ಬರೆಯಲ್ಪಡುತ್ತದೆ. ನಮ್ಮ ಜಿಲ್ಲೆಯಲ್ಲಿ ಇದು ಬರೀ ಪುಸ್ತಕದ ಮಾತಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಘಟ್ಟದ ಮೇಲಿರಲಿ, ಕೆಳಗಿನ ಕುಮಟಾ, ಅಂಕೋಲಾ, ಕಾರವಾರವಿರಲಿ, ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದರೆ ಕರೆಂಟು ಯಾವಾಗ ಬಂದೀತೆಂದು ಹೇಳಲಾಗದು. ಸಸ್ಪೆಂಡ್‌ನಲ್ಲಿಟ್ಟ, ಅಂದರೆ ಕೆಲಸವನ್ನು ಮೆಮೊರಿಯಲ್ಲೇ ಇಟ್ಟು ಮಲಗಿಸಿದ ಯಂತ್ರಕ್ಕೆ ಬ್ಯಾಟರಿ ಬೇಕು. ಅದು ಇಳಿದರೆ ಉಳಿಸದ ಕೆಲಸವೆಲ್ಲ ಹೋಯಿತು. ಹೈಬರ್ನೇಟ್ ಆದ ಯಂತ್ರಕ್ಕೆ ಏನೂ ಬೇಡ, ಎರಡು ದಿನದ ಮೇಲೆ ಕರೆಂಟು ಬಂದರೂ ಬಿಟ್ಟಲ್ಲಿಂದ ಮುಂದುವರಿಸಬಹುದು. ಹತ್ತು ನಿಮಿಷ ತಾಳುವ ಬಡ ಬ್ಯಾಟರಿಯೂ ಇದಕ್ಕೆ ಸಾಲುತ್ತದೆ. ಆದ್ದರಿಂದ ಡಿಸ್ಕಿನಲ್ಲಿ ಜಾಗವಿರುವವರು 4 ಜಿಬಿಯ ಸ್ವಾಪ್ ಮಾಡಿಕೊಳ್ಳುವುದೇ ಒಳ್ಳೆಯದು.

ಇದಕ್ಕಾಗಿ ಡಿಸ್ಕನ್ನು ಮತ್ತೆ ಪಾರ್ಟಿಷನ್ ಮಾಡುವ (ಭಾಗಗಳಾಗಿ ಒಡೆಯುವ) ಅಗತ್ಯವಿಲ್ಲ. ಉಬುಂಟು 17.04ರಿಂದಲೇ ಪ್ರತ್ಯೇಕ ಪಾರ್ಟಿಷನ್ ಬದಲು ಸ್ವಾಪ್ ಫೈಲನ್ನು ಬಳಸುತ್ತಿದೆ. ಮೇಲಿನ ಎರಡನೆಯ ಕಮಾಂಡಿನಲ್ಲಿ ಯಾವುದೋ ಫೈಲ್ ಆಗಲೇ ಕಂಡರೆ, ಮೊದಲು ‘ಸುಡೋ ಸ್ವಾಪ್‌ಆಫ್’ ಎಂದು ಬರೆದು ಆ ಫೈಲಿನ ಹೆಸರು ಕೊಟ್ಟು ಅದನ್ನು ನಿಲ್ಲಿಸಬೇಕು. ಮುಂದಿನ ಸಾಲುಗಳಲ್ಲಿಯೂ ಅದೇ ಹೆಸರನ್ನು ಬಳಸಬೇಕು. ಎಕ್ಸ್ಟ್4 ಫೈಲ್ ವ್ಯವಸ್ಥೆಯಲ್ಲಿ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಒಂದು ಬಗೆ) ಕ್ರಮ ಹೀಗೆ:

ಸುಡೋ ಡಿಡಿ ಐಎಫ್=/ಡೆವ್/ಝೀರೋ ಒಎಫ್=/ಸ್ವಾಪ್‌ಫೈಲ್ ಬಿಎಸ್=1ಎಂ ಕೌಂಟ್=4096
ಸುಡೋ ಸಿಎಚ್‌ಮಾಡ್ 600 /ಸ್ವಾಪ್‌ಫೈಲ್
ಸುಡೋ ಎಂಕೆಸ್ವಾಪ್ /ಸ್ವಾಪ್‌ಫೈಲ್
ಸುಡೋ ಸ್ವಾಪ್‌ಆನ್ /ಸ್ವಾಪ್‌ಫೈಲ್

ಮೊದಲ ಸಾಲನ್ನು ಎಂಟರ್ ಒತ್ತುವ ಮುನ್ನ ಎರಡು ಸಲ ಓದಬೇಕು. ಒಎಫ್ ಮುಂದೆ ಡಿಸ್ಕಿನ ಹೆಸರು ಬಂದುಬಿಟ್ಟರೆ ಡಿಡಿ ಯಾವ ಪ್ರಶ್ನೆಯನ್ನೂ ಕೇಳದೆ ಆ ಡಿಸ್ಕಿನ ಮೇಲೆಯೇ ಬರೆಯುತ್ತದೆ. ಎರಡನೆಯ ಸಾಲನ್ನು ಬಿಡುವ ಹಾಗಿಲ್ಲ: ಮೆಮೊರಿಯಲ್ಲಿದ್ದ ಪಾಸ್‌ವರ್ಡ್, ಬ್ಯಾಂಕಿನ ವಿವರ ಎಲ್ಲವೂ ಸ್ವಾಪ್‌ಗೆ ಹೋಗಬಹುದಾದ್ದರಿಂದ ರೂಟ್ (ಯಂತ್ರದ ಪೂರ್ಣ ಅಧಿಕಾರವಿರುವ ಖಾತೆ) ಬಿಟ್ಟು ಬೇರೆ ಯಾರೂ ಆ ಫೈಲನ್ನು ಓದುವಂತಿರಬಾರದು. ಶಾಲೆಯ ಲ್ಯಾಬಿನಲ್ಲೋ ಸೈಬರ್ ಕೇಂದ್ರದಲ್ಲೋ ಹಲವರು ಬಳಸುವ ಯಂತ್ರವಾದರೆ ಇದಕ್ಕೆ ಇನ್ನೂ ಹೆಚ್ಚಿನ ಮಹತ್ವ. ಬಿಟಿಆರ್‌ಎಫ್‌ಎಸ್ ಎಂಬ ಬೇರೆ ಫೈಲ್ ವ್ಯವಸ್ಥೆ ಬಳಸುವವರು ಈ ದಾರಿ ಹಿಡಿಯಬಾರದು. ಅಲ್ಲಿ ಸ್ವಾಪ್ ಫೈಲಿಗೆ ಬೇರೆಯೇ ಕ್ರಮವಿದೆ.

ಇಷ್ಟು ಮಾಡಿದ್ದು ರೀಸ್ಟಾರ್ಟ್ ಆಗುವವರೆಗೆ ಮಾತ್ರ ಉಳಿಯುತ್ತದೆ. ಶಾಶ್ವತವಾಗಬೇಕಾದರೆ /ಇಟಿಸಿ/ಎಫ್‌ಎಸ್‌ಟ್ಯಾಬ್ ಫೈಲಿನ ಒಂದು ಪ್ರತಿಯನ್ನು ತೆಗೆದಿಟ್ಟುಕೊಂಡು, ಕೊನೆಯಲ್ಲಿ ಈ ಸಾಲು ಸೇರಿಸಬೇಕು. ಅದು ಮೊದಲೇ ಇದ್ದರೆ ಮತ್ತೆ ಬೇಡ:

/ಸ್ವಾಪ್‌ಫೈಲ್ ನನ್ ಸ್ವಾಪ್ ಎಸ್‌ಡಬ್ಲ್ಯು 0 0

ಅನಂತರ ‘ಸುಡೋ ಸ್ವಾಪ್‌ಆಫ್ -ಎ’, ‘ಸುಡೋ ಸ್ವಾಪ್‌ಆನ್ -ಎ’ ಎಂದು ಕೊಟ್ಟು ಸ್ವಾಪ್ ಮರಳಿ ಬಂದಿದೆಯೇ ಎಂದು ಅಲ್ಲೇ ಪರೀಕ್ಷಿಸಬಹುದು.

ಕರ್ನಲ್ ಎಷ್ಟು ಸಲೀಸಾಗಿ ಸ್ವಾಪ್ ಮಾಡಬೇಕೆಂದು ಸೂಚಿಸುವ ಸ್ವಾಪಿನೆಸ್ ಎಂಬ ಸಂಖ್ಯೆಯನ್ನು 60ರಿಂದ 10ಕ್ಕೆ ಇಳಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ನಾನು ಅದನ್ನು ಎಲ್ಲರಿಗೂ ಹೇಳಲಾರೆ. ಸ್ವಾಪ್ ಮಾಡುವುದನ್ನು ತೀರಾ ತಡೆದರೆ ಕರ್ನಲ್ ಅದರ ಬದಲು ಫೈಲುಗಳ ಕ್ಯಾಶನ್ನು ಬಿಟ್ಟುಕೊಡುತ್ತದೆ. ಪ್ರೋಗ್ರಾಮುಗಳ ಕೋಡ್ ಕೂಡ ಆ ಕ್ಯಾಶ್‌ನಲ್ಲೇ ಇರುವುದರಿಂದ ಅದನ್ನು ಡಿಸ್ಕಿನಿಂದ ಮತ್ತೆ ಮತ್ತೆ ಓದಬೇಕಾಗುತ್ತದೆ. ಅಂದರೆ ಡಿಸ್ಕಿನ ಓಡಾಟ ತಪ್ಪಲಿಲ್ಲ. 60 ಇದ್ದಂತೆಯೇ ಕೆಲವು ದಿನ ಬಳಸಿ, ವಿಎಂಸ್ಟ್ಯಾಟ್ ನೋಡಿಯೇ ಬದಲಾವಣೆಗೆ ಕೈಹಾಕುವುದು ಲೇಸು.

ಅದಕ್ಕಿಂತ ಹೆಚ್ಚು ಲಾಭ ಕೊಡುವುದು ಝಡ್‌ರ‍್ಯಾಮ್. ಇದು ರ‍್ಯಾಮಿನೊಳಗೇ ಒಂದು ಸ್ವಾಪ್ ಸಾಧನವನ್ನು ಸೃಷ್ಟಿಸಿ, ಅಲ್ಲಿಗೆ ಬಂದ ಪುಟಗಳನ್ನು ಕುಗ್ಗಿಸಿ ಇಡುತ್ತದೆ. ಕುಗ್ಗಿಸಲು ಪ್ರೊಸೆಸರಿಗೆ ತುಸು ಕೆಲಸವಾದರೂ ಡಿಸ್ಕಿಗೆ ಹೋಗಿ ಬರುವುದಕ್ಕೆ ಹೋಲಿಸಿದರೆ ಅದು ಏನೇನೂ ಅಲ್ಲ. ಫೆಡೋರಾ 2020ರಲ್ಲಿ ಬಂದ ತನ್ನ 33ನೆಯ ಆವೃತ್ತಿಯಿಂದ ಇದನ್ನೇ ಮೂಲ ವ್ಯವಸ್ಥೆಯಾಗಿ ಕೊಡುತ್ತಿದೆ. ಉಬುಂಟು, ಡೆಬಿಯನ್‌ಗಳಲ್ಲಿ ‘ಝಡ್‌ರ‍್ಯಾಮ್-ಟೂಲ್ಸ್’ ಪ್ಯಾಕೇಜ್ ಹಾಕಿಕೊಂಡು, /ಇಟಿಸಿ/ಡಿಫಾಲ್ಟ್/ಝಡ್‌ರ‍್ಯಾಮ್‌ಸ್ವಾಪ್ ಫೈಲಿನಲ್ಲಿ ಪರ್ಸೆಂಟ್ (ದೊಡ್ಡಕ್ಷರಗಳಲ್ಲಿ) ಎಂಬುದಕ್ಕೆ 50 ಕೊಟ್ಟು ಆ ಸೇವೆಯನ್ನು ರೀಸ್ಟಾರ್ಟ್ ಮಾಡಿದರಾಯಿತು. ಹಾರ್ಡ್ ಡಿಸ್ಕ್ ಇರುವ ಹಳೆಯ ಯಂತ್ರದಲ್ಲಿ ಇದರ ವ್ಯತ್ಯಾಸ ಕೂಡಲೇ ಅನುಭವಕ್ಕೆ ಬರುತ್ತದೆ. ಝಡ್‌ರ‍್ಯಾಮ್ ಇದ್ದಾಗ ಸ್ವಾಪಿನೆಸ್ ಇಳಿಸುವ ಬದಲು 100ಕ್ಕೆ ಏರಿಸುವುದು ಉಚಿತ. ಆದರೆ ವಿದ್ಯುತ್ ಹೋದರೆ ರ‍್ಯಾಮ್ ಅಳಿಸಿಹೋಗುವುದರಿಂದ ಝಡ್‌ರ‍್ಯಾಮ್‌ಗೆ ಹೈಬರ್ನೇಟ್ ಮಾಡಲಾಗದು. ಡಿಸ್ಕಿನ ಸ್ವಾಪ್ ಫೈಲನ್ನೂ ಉಳಿಸಿಕೊಳ್ಳಬೇಕು. ಎರಡೂ ಇದ್ದಾಗ ಸ್ವಾಪ್‌ಆನ್ ತೋರಿಸುವ ಪಟ್ಟಿಯ ಪ್ರಯೋ ಅಂಕಣದಲ್ಲಿ ಝಡ್‌ರ‍್ಯಾಮ್‌ನ ಸಂಖ್ಯೆ ದೊಡ್ಡದಾಗಿದೆಯೇ ಎಂದು ನೋಡಬೇಕು, ಏಕೆಂದರೆ ದೊಡ್ಡ ಸಂಖ್ಯೆಯದು ಮೊದಲು ತುಂಬುತ್ತದೆ.

ಸ್ವಾಪ್ ಫೈಲಿನಿಂದ ಹೈಬರ್ನೇಟ್ ಮಾಡಲು ಕರ್ನಲ್‌ಗೆ ಎರಡು ಸಂಗತಿ ತಿಳಿಸಬೇಕು: ಫೈಲ್ ಇರುವ ಪಾರ್ಟಿಷನ್ನಿನ ಯುಯುಐಡಿ (ಅದರ ಗುರುತಿನ ಸಂಖ್ಯೆ), ಮತ್ತು ಆ ಪಾರ್ಟಿಷನ್ನಿನಲ್ಲಿ ಫೈಲ್ ಶುರುವಾಗುವ ಸ್ಥಾನ. ಮೊದಲನೆಯದನ್ನು ‘ಫೈಂಡ್‌ಎಂಎನ್‌ಟಿ -ಎನ್‌ಒ ಯುಯುಐಡಿ -ಟಿ /ಸ್ವಾಪ್‌ಫೈಲ್’ ಹೇಳುತ್ತದೆ. ಇಲ್ಲಿ ಯುಯುಐಡಿ, ಟಿ ದೊಡ್ಡಕ್ಷರ. ಎರಡನೆಯದಕ್ಕೆ ‘ಸುಡೋ ಫೈಲ್‌ಫ್ರ್ಯಾಗ್ -ವಿ /ಸ್ವಾಪ್‌ಫೈಲ್’ ಕೊಟ್ಟು, ಸೊನ್ನೆಯಿಂದ ಶುರುವಾಗುವ ಸಾಲಿನಲ್ಲಿ ಫಿಸಿಕಲ್ ಆಫ್‌ಸೆಟ್ ಕೆಳಗಿನ ಮೊದಲ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಇವನ್ನು, ಯಂತ್ರ ಶುರುವಾಗುವಾಗ ಕರ್ನಲನ್ನು ಎಬ್ಬಿಸುವ ಗ್ರಬ್‌ನ /ಇಟಿಸಿ/ಡಿಫಾಲ್ಟ್/ಗ್ರಬ್ ಫೈಲಿನ ಕರ್ನಲ್ ಸಾಲಿನಲ್ಲಿ ‘ರೆಸ್ಯೂಮ್=ಯುಯುಐಡಿ=’ (ಇಲ್ಲೂ ಯುಯುಐಡಿ ದೊಡ್ಡಕ್ಷರ) ಮತ್ತು ‘ರೆಸ್ಯೂಮ್_ಆಫ್‌ಸೆಟ್=’ ಎಂದು ಸೇರಿಸಿ, ‘ಸುಡೋ ಅಪ್‌ಡೇಟ್-ಗ್ರಬ್’ ಕೊಟ್ಟು ರೀಸ್ಟಾರ್ಟ್ ಮಾಡಬೇಕು. ಸೆಕ್ಯೂರ್ ಬೂಟ್ (ಸಹಿಯಿರುವ ಕರ್ನಲ್ ಮಾತ್ರ ಶುರುವಾಗಲು ಬಿಡುವ ರಕ್ಷಣೆ) ಚಾಲೂ ಇದ್ದರೆ ಉಬುಂಟುವಿನ ಕರ್ನಲ್ ಹೈಬರ್ನೇಟ್‌ಗೆ ಒಪ್ಪುವುದಿಲ್ಲ. ಎಲ್ಲ ಕೆಲಸ ಉಳಿಸಿಕೊಂಡ ಮೇಲೆಯೇ ‘ಸಿಸ್ಟಮ್‌ಸಿಟಿಎಲ್ ಹೈಬರ್ನೇಟ್’ ಎಂದು ಪರೀಕ್ಷಿಸಬೇಕು, ಅದೂ ಮಳೆಗಾಲ ಹಿಡಿಯುವ ಮೊದಲೇ.

ಮುಂದೆ ಗಾತ್ರ ಬದಲಿಸಬೇಕೆನಿಸಿದರೆ ಮತ್ತೆ ಸ್ವಾಪ್‌ಆಫ್‌ನಿಂದ ಶುರು. ಸ್ವಾಪ್‌ನಲ್ಲಿದ್ದದ್ದೆಲ್ಲ ಆಗ ರ‍್ಯಾಮಿಗೆ ಮರಳಬೇಕಾದ್ದರಿಂದ ಬ್ರೌಸರ್ ಮೊದಲಾದವನ್ನು ಮುಚ್ಚಿಕೊಂಡು, ಅವೈಲಬಲ್ ಅಂಕಣದಲ್ಲಿ ಸಾಕಷ್ಟು ಜಾಗವಿದೆ ಎಂದು ಖಚಿತಪಡಿಸಿಕೊಳ್ಳಬೇಕು. ಹಾರ್ಡ್ ಡಿಸ್ಕಿನಲ್ಲಿ ಇದಕ್ಕೆ ಕೆಲವು ನಿಮಿಷ ಹಿಡಿದರೂ ನಡುವೆ ನಿಲ್ಲಿಸದೆ ಕಾಯಬೇಕು. ಫೈಲನ್ನು ಹೊಸದಾಗಿ ಮಾಡಿದಾಗ ಅದು ಡಿಸ್ಕಿನ ಬೇರೆ ಜಾಗದಲ್ಲಿ ಕೂರಬಹುದಾದ್ದರಿಂದ ಗ್ರಬ್‌ನಲ್ಲಿ ಬರೆದ ಆಫ್‌ಸೆಟ್ ಸಂಖ್ಯೆಯನ್ನೂ ಹೊಸದಾಗಿ ನೋಡಿ ಬದಲಿಸಬೇಕು.