ಗುಳೆ ಬಂದವರೂ ಊರವರೂ ಸೇರಿ ನಾಟಕ ಕಟ್ಟುವುದು ಹೇಗೆ

ಬೆಂಗಳೂರಿನ ಯಾವುದಾದರೂ ದೊಡ್ಡ ಕಟ್ಟಡದ ಪಕ್ಕದ ತಗಡಿನ ಶೆಡ್‌ಗಳ ಹತ್ತಿರ ನಿಂತರೆ ಒಡಿಯಾ, ಬಂಗಾಳಿ, ಹಿಂದಿ, ರಾಯಚೂರು ಕಡೆಯ ಕನ್ನಡ ಎಲ್ಲಾ ಒಟ್ಟಿಗೆ ಕಿವಿಗೆ ಬೀಳುತ್ತದೆ. ಗೋವಾದ ವಾಸ್ಕೋಗೆ ಹೋದರೆ ಅಲ್ಲಿ ನಮ್ಮ ಉತ್ತರ ಕರ್ನಾಟಕದವರೇ ಹೊರಗಿನವರು. ಹೀಗೆ ಬಂದವರನ್ನೂ ಅಕ್ಕಪಕ್ಕದ ಊರವರನ್ನೂ ಸೇರಿಸಿ ನಾಟಕ ಮಾಡಬೇಕು ಅಂತ ಹೊರಟವರಿಗೆ ಈ ಬರಹ. ನೋಡುವವರು ‘ಪಾಪ’ ಅಂತ ಕಣ್ಣೊರೆಸಿಕೊಂಡು ಮನೆಗೆ ಹೋಗುವ ನಾಟಕ ಬೇಕಿದ್ದರೆ ಇದು ಉಪಯೋಗಕ್ಕೆ ಬರುವುದಿಲ್ಲ.

ಮೊದಲು ಜಾಗ. ರಂಗಮಂದಿರ ಬುಕ್ ಮಾಡಬೇಡಿ, ಅಲ್ಲಿಗೆ ಯಾರೂ ಬರುವುದಿಲ್ಲ. 2015ರಲ್ಲಿ ಜೋ ಮರ್ಫಿ, ಜೋ ರಾಬರ್ಟ್‌ಸನ್ ಅನ್ನುವ ಇಬ್ಬರು ಬ್ರಿಟಿಷ್ ನಾಟಕಕಾರರು ಗುಡ್ ಚಾನ್ಸ್ ತಂಡ ಶುರು ಮಾಡಿದ್ದು ಫ್ರಾನ್ಸಿನ ಕ್ಯಾಲೆಯಲ್ಲಿ. ಇಂಗ್ಲೆಂಡಿಗೆ ದಾಟಲು ಕಾಯುತ್ತಿದ್ದ ನಿರಾಶ್ರಿತರ ಬಿಡಾರದ ನಡುವೆಯೇ ಗುಮ್ಮಟದಂಥ ಟೆಂಟ್ ಹಾಕಿದರು. ನಮಗೆ ಅಷ್ಟೂ ಬೇಡ. ಶೆಡ್‌ಗೂ ಬಡಾವಣೆಗೂ ನಡುವಿನ ಖಾಲಿ ಸೈಟು ಸಾಕು. ಎರಡೂ ಕಡೆಯವರು ನಡೆದು ಬರುವಂತಿರಲಿ.

ತಾಲೀಮಿಗೆ ಭಾನುವಾರ ಸಂಜೆ ಒಳ್ಳೆಯದು. ಆದರೆ ನೀರಿನ ಟ್ಯಾಂಕರ್ ಯಾವಾಗ ಬರುತ್ತದೆ ಅಂತ ಮೊದಲೇ ಕೇಳಿಕೊಳ್ಳಿ. ಟ್ಯಾಂಕರ್ ಬಂದರೆ ಹೆಂಗಸರೆಲ್ಲ ಕೊಡ ಹಿಡಿದು ಎದ್ದು ಹೋಗುತ್ತಾರೆ, ಅದನ್ನು ಶಿಸ್ತಿಲ್ಲ ಅಂತ ಅಂದುಕೊಂಡರೆ ನಿಮ್ಮದೇ ತಪ್ಪು. ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು ಬೇಕೇ ಬೇಕು. ಕೆಲಸ ಬಿಟ್ಟು ಬಂದವರಿಗೆ ಆ ದಿನದ ಕೂಲಿ ಕೊಡಿ. ದುಡ್ಡಿಲ್ಲ ಅಂದರೆ ತಾಲೀಮು ಕಡಿಮೆ ಮಾಡಿ, ಕೂಲಿ ತಪ್ಪಿಸಬೇಡಿ. ಮೇಸ್ತ್ರಿಗೆ ಒಂದು ಮಾತು ಹೇಳಿ, ಆದರೆ ತಾಲೀಮಿಗೆ ಕೂರಿಸಬೇಡಿ. ಅವನಿದ್ದರೆ ಯಾರೂ ಬಾಯಿ ಬಿಡುವುದಿಲ್ಲ.

ಮೊದಲ ದಿನವೇ ‘ನಿಮ್ಮ ಕಷ್ಟ ಹೇಳಿ’ ಅನ್ನಬೇಡಿ. ಅದನ್ನು ಸರ್ವೆಯವರು, ಪತ್ರಕರ್ತರು, ಪಕ್ಷದವರು ಎಲ್ಲರೂ ಕೇಳಿಯಾಗಿದೆ. ಆಟದಿಂದ ಶುರು ಮಾಡಿ. ಭಾಷೆ ಬೇರೆ ಬೇರೆ ಇರುವುದರಿಂದ ಮೂರ್ತಿ ಆಟ ಚೆನ್ನಾಗಿ ಹತ್ತುತ್ತದೆ: ಒಬ್ಬರು ಉಳಿದವರ ಕೈಕಾಲು ತಿರುಗಿಸಿ, ಮಾತಿಲ್ಲದೆ, ‘ಬಟವಾಡೆ’ ಅಥವಾ ‘ಬಾಡಿಗೆ ಮನೆ ಕೇಳಲು ಹೋದದ್ದು’ ಅನ್ನುವ ಒಂದು ಚಿತ್ರ ನಿಲ್ಲಿಸಬೇಕು. ಬಡಾವಣೆಯ ಆಂಟಿಯೊಬ್ಬರನ್ನು ಕೂಲಿಯವಳಾಗಿ, ಕೂಲಿಯವಳನ್ನು ಮನೆ ಯಜಮಾನಿಯಾಗಿ ನಿಲ್ಲಿಸಿ ನೋಡಿ, ಗಂಟೆಗಟ್ಟಲೆ ಭಾಷಣ ಮಾಡುವುದು ತಪ್ಪುತ್ತದೆ.

ಇನ್ನು ನಾಟಕ. ಇದಕ್ಕೆ ಬ್ರೆಜಿಲ್‌ನ ನಾಟಕ ನಿರ್ದೇಶಕ ಅಗಸ್ಟೊ ಬೋಲ್ ಕಟ್ಟಿದ, ನೋಡುವವರೇ ಎದ್ದು ಬಂದು ಆಡುವ ಫೋರಂ ರಂಗಭೂಮಿ ನನಗೆ ಎಲ್ಲಕ್ಕಿಂತ ಸರಿ ಅನ್ನಿಸುತ್ತದೆ. ಅವರೂ ದೇಶ ಬಿಟ್ಟವರೇ. 1971ರಲ್ಲಿ ಮಿಲಿಟರಿ ಸರ್ಕಾರ ಹಿಡಿದು ಹಿಂಸೆ ಕೊಟ್ಟ ಮೇಲೆ ಅರ್ಜೆಂಟೀನಾಕ್ಕೆ ಹೋದರು, ಪೆರುವಿನಲ್ಲಿ ಕೆಲಸ ಮಾಡಿದರು, ಆಮೇಲೆ ಪೋರ್ಚುಗಲ್, ಪ್ಯಾರಿಸ್. ಪೆರುವಿನಲ್ಲಿ ಒಂದು ಪ್ರದರ್ಶನದಲ್ಲಿ, ಮೋಸ ಮಾಡಿದ ಗಂಡನಿಗೆ ಏನು ಹೇಳಬೇಕು ಅಂತ ಒಬ್ಬ ಹೆಂಗಸು ಕೂತಲ್ಲಿಂದ ಹೇಳಿಕೊಟ್ಟರು. ನಟರು ಏನು ಮಾಡಿದರೂ ಆಕೆಗೆ ಒಪ್ಪಿಗೆಯಾಗಲಿಲ್ಲ. ಕೊನೆಗೆ ಆಕೆಯನ್ನೇ ರಂಗಕ್ಕೆ ಕರೆದರು. ನೋಡುವವರೇ ಆಡುವ ಪದ್ಧತಿ ಗಟ್ಟಿಯಾಗಿದ್ದು ಅಲ್ಲಿಂದ.

ಮಾಡುವುದು ಹೀಗೆ. ಹದಿನೈದು ನಿಮಿಷದ ಒಂದು ದೃಶ್ಯ ಕಟ್ಟಿ, ಅದು ಸೋಲಿನಲ್ಲಿ ಮುಗಿಯಲಿ: ಮುಂಗಡ ಹಿಡಿದುಕೊಂಡು ಕೂಲಿ ಕೊಡಲಿಲ್ಲ, ಮಗುವನ್ನು ಶಾಲೆಗೆ ಸೇರಿಸಿಕೊಳ್ಳಲಿಲ್ಲ, ಬಡಾವಣೆಯಲ್ಲಿ ಕಳವಾದಾಗ ಮೊದಲು ಶೆಡ್‌ಗೇ ಪೊಲೀಸರು ಬಂದರು. ಒಮ್ಮೆ ಪೂರ್ತಿ ಆಡಿ. ಎರಡನೇ ಸಲ ಆಡುವಾಗ ಯಾರು ಬೇಕಾದರೂ ‘ನಿಲ್ಲಿಸಿ’ ಅನ್ನಬಹುದು, ಎದ್ದು ಬಂದು ಸೋತವನ ಪಾತ್ರ ತಾವೇ ತೆಗೆದುಕೊಂಡು ಬೇರೆ ದಾರಿ ನೋಡಬಹುದು. ಗುತ್ತಿಗೆದಾರನ ಪಾತ್ರ ಬದಲಿಸಲು ಬಿಡಬೇಡಿ. ಅವನು ಇದ್ದಕ್ಕಿದ್ದಂತೆ ಒಳ್ಳೆಯವನಾದರೆ ಆಟವೇ ಮುಗಿಯಿತಲ್ವಾ? ಅವನ ಪಾತ್ರ ಮಾಡುವವರು ಸುಲಭವಾಗಿ ಬಗ್ಗಬಾರದು. ನಡುವೆ ನಿಂತು ಆಟ ನಡೆಸುವವರನ್ನು ಬೋಲ್ ಜೋಕರ್ ಅಂದರು. ಎರಡು ಭಾಷೆ ಬರುವವರು ಆ ಕೆಲಸಕ್ಕಿರಲಿ. ಅವರು ತೀರ್ಪು ಕೊಡಬಾರದು, ‘ಇದು ನಿಜವಾಗಿ ನಡೆಯುತ್ತದಾ?’ ಅಂತ ಜನರನ್ನೇ ಕೇಳಬೇಕು. ಪಶ್ಚಿಮ ಬಂಗಾಳದ ಜನ ಸಂಸ್ಕೃತಿ ತಂಡ 1985ರಿಂದ ಹಳ್ಳಿಗಳಲ್ಲಿ ರಂಗಭೂಮಿ ಕಟ್ಟುತ್ತಾ ಬಂದಿದೆ, ಫೋರಂ ಮಾಡುವವರು ಅವರ ಪ್ರಯೋಗ ಒಂದಾದರೂ ನೋಡಬೇಕು.

ಊರವರು ಸಿಟ್ಟಾಗುತ್ತಾರೆ, ಅದಕ್ಕೂ ತಯಾರಿರಿ. 2021ರಲ್ಲಿ ಅಮಲ್ ಅನ್ನುವ ಮೂರೂವರೆ ಮೀಟರ್ ಎತ್ತರದ ನಿರಾಶ್ರಿತ ಹುಡುಗಿಯ ಬೊಂಬೆ ಟರ್ಕಿಯ ಗಾಜಿಯಾಂಟೆಪ್‌ನಿಂದ ಮ್ಯಾಂಚೆಸ್ಟರ್‌ವರೆಗೆ ಹೋಯಿತು, ಅದರ ಹಿಂದೆಯೂ ಇದೇ ಗುಡ್ ಚಾನ್ಸ್ ಇತ್ತು. ಗ್ರೀಸ್‌ನ ಲಾರಿಸಾದಲ್ಲಿ ಬೊಂಬೆಗೇ ಕಲ್ಲು ಬಿತ್ತು. ನಮ್ಮಲ್ಲಿ ‘ಇವರು ಬಂದು ನಮ್ಮ ಕೆಲಸ ಹೋಯಿತು’ ಅನ್ನುವ ಮಾತು ಬಂದೇ ಬರುತ್ತದೆ. ಬಾಯಿ ಮುಚ್ಚಿಸಬೇಡಿ, ಹಾಗಂದವರನ್ನೇ ರಂಗಕ್ಕೆ ಕರೆಯಿರಿ.

ಬಂದ ಸಲಹೆಗಳನ್ನು ಒಬ್ಬರು ಬರೆದುಕೊಳ್ಳಲಿ. ಬೋಲ್ 1993ರಿಂದ 1996ರವರೆಗೆ ರಿಯೊ ನಗರಸಭೆಯ ಸದಸ್ಯರಾಗಿದ್ದಾಗ ಇಂಥ ನಾಟಕಗಳಿಂದ ಬಂದ ಸಲಹೆಗಳಲ್ಲಿ 13 ಕಾನೂನಾದವು. ನಮ್ಮ ಕೈಯಲ್ಲಿ ಅಷ್ಟಿಲ್ಲ. ಆದರೆ ಕಟ್ಟಡ ಕಾರ್ಮಿಕರ ಕಾನೂನಿನ ಪ್ರಕಾರ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ, 18ರಿಂದ 60 ವರ್ಷದವರು ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಪ್ರದರ್ಶನದ ದಿನ ಅದರ ಬಗ್ಗೆ ತಿಳಿದ ಒಬ್ಬರನ್ನು ಪಕ್ಕದಲ್ಲಿ ಮೇಜು ಹಾಕಿ ಕೂರಿಸಿ.

ಫೋಟೊ, ವಿಡಿಯೊ ಮಾತ್ರ ಸುಮ್ನೆ ಹಾಕಬೇಡಿ. ಕೂಲಿ ಬಾಕಿಯ ಬಗ್ಗೆ ಆಡಿದವನ ಮುಖ ವಾಟ್ಸಾಪ್‌ನಲ್ಲಿ ಗುತ್ತಿಗೆದಾರನಿಗೆ ಸಿಕ್ಕಿದರೆ ಮಾರನೇ ದಿನ ಅವನಿಗೆ ಕೆಲಸ ಇರುವುದಿಲ್ಲ.

ಸಾಧ್ಯವಾದರೆ ಅದೇ ನಾಟಕವನ್ನು ಅವರ ಊರಲ್ಲೂ ಆಡಿ. ಅಲ್ಲಿಗೆ ತಿಂಗಳಿಗೊಮ್ಮೆ ಫೋನ್‌ಪೇ ದುಡ್ಡು ಮಾತ್ರ ತಲುಪಿರುತ್ತದೆ. ಜಾತ್ರೆಗೋ ಮುಂಗಾರಿನ ಬಿತ್ತನೆಗೋ ಜನ ಹೇಗೂ ಊರಿಗೆ ಹೋಗುತ್ತಾರೆ. ಆಗ ಬಡಾವಣೆಯ ಇಬ್ಬರು ಮೂವರು ನಟರೂ ಅವರ ಜೊತೆ ಬಸ್ಸು ಹತ್ತಲಿ, ಅವರ ಮನೆಯಲ್ಲೇ ಉಳಿಯಲಿ, ಟಿಕೆಟ್ ದುಡ್ಡು ಮೊದಲೇ ಎತ್ತಿಡಿ.