ಒಂಬತ್ತು ವಾಚನಾಲಯ, ಒಂದು ಕೊಳೆರೋಗ

ಮೂರು ವರ್ಷದ ಹಿಂದಿನ ಆಟಿ ತಿಂಗಳು. ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಅಡಿಕೆಗೆ ಎರಡನೆಯ ಸಲ ಮದ್ದು ಬಿಡಲು ಅರ್ಧ ದಿನದ ಬಿಸಿಲಿಗಾಗಿ ಕಾಯುತ್ತಿದ್ದ ಸೋದರಮಾವ, ಜಗಲಿಯಲ್ಲಿ ಕುಳಿತು ಉದುರಿದ ಎಳೆಗಾಯಿಗಳ ರಾಶಿಯನ್ನು ನೋಡುತ್ತ ಹೇಳಿದರು: “ಕೊಳೆರೋಗದ ಬಗ್ಗೆ ಒಳ್ಳೆಯ ಲೇಖನವೊಂದಿತ್ತು. ಯಾವುದೋ ಶಾಲೆಯ ಸ್ಮರಣ ಸಂಚಿಕೆಯಲ್ಲಿ. ಮದ್ದಿಗೆ ಸುಣ್ಣ ಸಾಕಾಗಿದೆಯೇ ಎಂದು ಹಿಂದಿನವರು ಹೇಗೆ ನೋಡುತ್ತಿದ್ದರು ಎಂಬುದು ಅದರಲ್ಲಿತ್ತು. ನೀನು ಕಂಪ್ಯೂಟರಿನವನಲ್ಲವೇ, ಹುಡುಕಿ ಕೊಡು ನೋಡೋಣ.”

ಮಂಗಳೂರಿನ ಕಂಪನಿಯೊಂದರಲ್ಲಿ ಹನ್ನೆರಡು ವರ್ಷ ಹುಡುಕಾಟದ ತಂತ್ರಾಂಶವನ್ನೇ ಬರೆದು, ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ನಮ್ಮ ಮನೆಗೆ ಮರಳಿದ್ದವನು ನಾನು. ಮಾವನ ಮಾತು ಸ್ವಲ್ಪ ಚುಚ್ಚಿತು. ನಮ್ಮ ಕಡೆಯ ವಾಚನಾಲಯಗಳವರು ಹಳೆಯ ಸಂಚಿಕೆಗಳನ್ನೂ ಯಕ್ಷಗಾನ ಪ್ರಸಂಗಗಳನ್ನೂ ಸ್ಕ್ಯಾನ್ ಮಾಡಿ ತಂತಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದರು. ಮಂಜೇಶ್ವರ, ಉಪ್ಪಳ, ಬಾಯಾರು, ಕುಂಬಳೆ, ಪೆರ್ಲ, ನೀರ್ಚಾಲು, ಬದಿಯಡ್ಕ, ಮುಳ್ಳೇರಿಯ, ಅಡೂರು ಎಂದು ಲೆಕ್ಕ ಹಾಕಿದರೆ ಒಂಬತ್ತು ಕಡೆ. ಲೇಖನ ಇವುಗಳಲ್ಲಿ ಎಲ್ಲಿಯಾದರೂ ಇರಬೇಕು.

ಮೊದಲು ಫೋನು ಮಾಡಿದೆ. ನೀರ್ಚಾಲಿನವರು “ಇಲ್ಲಿ ಕಾಣುವುದಿಲ್ಲ, ಬಾಯಾರಿನವರಲ್ಲಿ ನಾನೂ ಕೇಳುತ್ತೇನೆ” ಎಂದರು. ಕುಂಬಳೆಯವರೂ ಅದನ್ನೇ ಹೇಳಿದರು. ಸಂಜೆಗೆ ಬಾಯಾರಿನಿಂದ ನನಗೇ ಫೋನು ಬಂತು: “ಯಾರೋ ಕೊಳೆರೋಗದ ಲೇಖನ ಹುಡುಕುತ್ತಿದ್ದಾರಂತೆ, ನಿಮ್ಮಲ್ಲಿ ಏನಾದರೂ ಇದೆಯೇ?” ನಾನು ಬಿಟ್ಟ ಪ್ರಶ್ನೆ ಊರು ಸುತ್ತಿ ನನ್ನ ಬಾಗಿಲಿಗೇ ಬಂದಿತ್ತು.

2000ದಲ್ಲಿ ಬಂದ ನ್ಯೂಟೆಲ್ಲಾ ಎಂಬ ಕಡತ ಹಂಚಿಕೆಯ ಜಾಲ ಇದೇ ರೀತಿ ನಡೆಯುತ್ತಿತ್ತು. ನಡುವೆ ಯಜಮಾನನಿಲ್ಲ. ಪ್ರತಿ ಕಂಪ್ಯೂಟರು ತನಗೆ ಬಂದ ಪ್ರಶ್ನೆಯನ್ನು ನೆರೆಯವರಿಗೆಲ್ಲ ದಾಟಿಸುತ್ತದೆ. ಪ್ರಶ್ನೆ ಏಳು ಮೆಟ್ಟಿಲು ದಾಟಿದರೆ ಸಾಯಲಿ ಎಂದು ಸಾಮಾನ್ಯವಾಗಿ ಗಡುವು ಇಡುತ್ತಿದ್ದರು. ಒಮ್ಮೆ ನೋಡಿದ ಪ್ರಶ್ನೆ ಮತ್ತೆ ಬಂದರೆ ಗುರುತಿಸಿ ಬಿಸಾಡಲು ಪ್ರತಿಯೊಂದಕ್ಕೂ ಒಂದು ಗುರುತಿನ ಸಂಖ್ಯೆ ಇತ್ತು. ನಮ್ಮ ಫೋನು ಜಾಲದಲ್ಲಿ ಎರಡೂ ಇರಲಿಲ್ಲ. ಮರುದಿನ ಬೆಳಗ್ಗೆಯೂ ಇಬ್ಬರು ನನ್ನಲ್ಲಿ ಕೊಳೆರೋಗದ ವಿಚಾರ ಕೇಳಿದರು.

ಇನ್ನು ಎಲ್ಲವನ್ನೂ ಒಂದೇ ಕಡೆ ತಂದು ಸೂಚಿ, ಅಂದರೆ ಯಾವ ಪದ ಎಲ್ಲಿದೆ ಎಂಬ ಪಟ್ಟಿ, ಕಟ್ಟಿದರೆ ಸುಲಭ ಎಂದುಕೊಂಡೆ. 1990ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಅಲನ್ ಎಂಟೇಜ್ ರೂಪಿಸಿದ ಆರ್ಚಿ ಎಂಬ ಹುಡುಕಾಟದ ತಂತ್ರಾಂಶ ಮಾಡಿದ್ದೂ ಅದನ್ನೇ: ದೂರದೂರದ ಕಡತ ಭಂಡಾರಗಳಿಂದ ಹೆಸರುಗಳ ಪಟ್ಟಿಯನ್ನು ಆಗಾಗ ತಂದು ಒಂದೆಡೆ ಇಟ್ಟುಕೊಂಡು ಅದರಲ್ಲಿ ಹುಡುಕುವುದು. ಆದರೆ ನಮ್ಮ ವಾಚನಾಲಯಗಳಿಗೆ ಹೆಸರಿನ ಪಟ್ಟಿ ಮಾತ್ರ ಸಾಲದು, ಒಳಗಿನ ಪಠ್ಯ ಬೇಕು. ಪಠ್ಯ ಕೊಡಲು ಅವರಿಗೆ ಮನಸ್ಸಿಲ್ಲ. “ಹುಡುಕಿಕೊಳ್ಳಿ, ಬೇಡ ಎನ್ನುವುದಿಲ್ಲ. ಆದರೆ ನಮ್ಮದು ನಮ್ಮಲ್ಲೇ ಇರಲಿ” ಎಂದು ಹಿರಿಯರೊಬ್ಬರು ನೇರವಾಗಿ ಹೇಳಿದರು. ಕೊಟ್ಟ ಪುಸ್ತಕ ಹಿಂದೆ ಬಾರದ ಅನುಭವ ಎಲ್ಲ ವಾಚನಾಲಯಗಳಿಗೂ ಇದೆ. ನಾನು ವಾದಿಸಲಿಲ್ಲ.

ಹಾಗಾಗಿ ಪ್ರತಿ ವಾಚನಾಲಯದ ಸೂಚಿ ಅಲ್ಲಲ್ಲೇ, ಪ್ರಶ್ನೆ ಮಾತ್ರ ಪ್ರಯಾಣ ಮಾಡುವುದು ಎಂದು ನಿಶ್ಚಯಿಸಿದೆ. ಅಲ್ಲಿನ ಇಂಟರ್‌ನೆಟ್ ಸಂಪರ್ಕಗಳಿಗೆ ಹೊರಗಿನಿಂದ ಬಾಗಿಲು ತಟ್ಟಲು ಆಗುವುದಿಲ್ಲ, ನೂರಾರು ಗ್ರಾಹಕರು ಒಂದೇ ವಿಳಾಸದ ಹಿಂದೆ ಅಡಗಿರುತ್ತಾರೆ. ಅದಕ್ಕೆ ಚಿಕ್ಕದೊಂದು ಸರ್ವರ್ ಬಾಡಿಗೆಗೆ ಹಿಡಿದು, ವೈರ್‌ಗಾರ್ಡ್ ಎಂಬ ತಂತ್ರಾಂಶ ಕಟ್ಟುವ ಖಾಸಗಿ ಸುರಂಗದ ಮೂಲಕ ಒಂಬತ್ತೂ ಯಂತ್ರಗಳು ತಾವಾಗಿಯೇ ಅಲ್ಲಿಗೆ ಬಂದು ಸೇರುವಂತೆ ಮಾಡಿದೆ. ಜಾಲದ ಕೆಲಸ ಎರಡು ಭಾನುವಾರಗಳಲ್ಲಿ ಮುಗಿಯಿತು. ಇಷ್ಟೇ ಎಂದು ನಾನು ಬೀಗಿದೆ.

ನಂತರ ಕನ್ನಡ ಎದುರಾಯಿತು.

ನಾನು ಮೊದಲು ಬಳಸಿದ ಸಿದ್ಧ ಹುಡುಕಾಟದ ಉಪಕರಣ ಕನ್ನಡದ ಸ್ವರಚಿಹ್ನೆಗಳನ್ನು ಅಕ್ಷರ ಎಂದೇ ಒಪ್ಪಲಿಲ್ಲ. ಒತ್ತು, ಕೊಂಬು, ಏತ್ವ, ಓತ್ವ ಎಲ್ಲವೂ ಅದರ ಲೆಕ್ಕದಲ್ಲಿ ಅಲ್ಪವಿರಾಮಕ್ಕೆ ಸಮಾನ. ಅಲ್ಲಿ ಬಂದು ಪದವನ್ನು ಕತ್ತರಿಸುತ್ತಿತ್ತು. ‘ಕೊಳೆರೋಗ’ ಹೋಗಿ ಕ, ಳ, ರ, ಗ ಎಂಬ ನಾಲ್ಕು ಪದಗಳಾಗಿದ್ದವು. ಏನು ಕೇಳಿದರೂ ಎಲ್ಲ ಪುಟಗಳೂ ಬರುತ್ತಿದ್ದುದು ಏಕೆ ಎಂದು ತಿಳಿಯಲು ನನಗೆ ವಾರ ಹಿಡಿಯಿತು. ಅದನ್ನು ಸರಿಪಡಿಸಿದ ಮೇಲೆ ಕಣ್ಣಿಗೆ ಕಾಣದ ಭೂತಗಳು ಹೊರಬಂದವು. ಅನುಸ್ವಾರದ ಬದಲು ಸೊನ್ನೆ ಅಂಕೆಯನ್ನು ಒತ್ತಿದ ‘ಕ೦ಗು’ ಮತ್ತು ಸರಿಯಾದ ‘ಕಂಗು’ ಪರದೆಯ ಮೇಲೆ ಅವಳಿ ಮಕ್ಕಳು, ಯಂತ್ರಕ್ಕೆ ಮಾತ್ರ ಸಂಬಂಧವೇ ಇಲ್ಲದವರು. ‘ಸಾಫ್ಟ್‌ವೇರ್’ನಂಥ ಪದದ ನಡುವೆ ಅಡಗಿದ, ಅಗಲವೇ ಇಲ್ಲದ ಚಿಹ್ನೆಯನ್ನು ಕೆಲವರು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಓತ್ವದ ದೀರ್ಘವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡುಗಳಾಗಿಯೂ ಬರೆಯಬಹುದು. ಇವನ್ನೆಲ್ಲ ಒಂದೇ ರೂಪಕ್ಕೆ ತಂದ ಮೇಲಷ್ಟೇ ಸೂಚಿ ಕಟ್ಟಬೇಕು. ಪ್ರಶ್ನೆಯನ್ನೂ ಅದೇ ಜರಡಿಯಲ್ಲಿ ಹಾಯಿಸಬೇಕು.

ಡಿಟಿಪಿಯವರು ಕೊಟ್ಟ ಹಳೆಯ ಕಡತಗಳದ್ದು ಇನ್ನೊಂದು ಕಥೆ. ಯೂನಿಕೋಡ್ ರೂಢಿಗೆ ಬರುವ ಮೊದಲಿನ ಫಾಂಟುಗಳಲ್ಲಿ ಅಕ್ಷರ ಕಾಣುವುದು ಕನ್ನಡವಾಗಿ, ಒಳಗೆ ಇರುವುದು ತಲೆಯ ಮೇಲೆ ಗೀಟು ಚುಕ್ಕಿ ಹೊತ್ತ ರೋಮನ್ ಅಕ್ಷರ. ಪರಿವರ್ತಕ ಬರೆಯುವಾಗ ನನ್ನನ್ನು ಅಳಿಸಿದ್ದು ಅರ್ಕಾವತ್ತು. ಯೂನಿಕೋಡಿನಲ್ಲಿ ‘ವರ್ಷ’ದ ರಕಾರ ಉಚ್ಚರಿಸುವ ಕ್ರಮದಲ್ಲಿ ಷಕಾರಕ್ಕಿಂತ ಮೊದಲು ಬರುತ್ತದೆ; ಹಳೆಯ ಫಾಂಟಿನಲ್ಲಿ ಕಾಣುವ ಕ್ರಮದಲ್ಲಿ, ಅಂದರೆ ಷಕಾರದ ನಂತರ. ಒಂದೊಂದನ್ನೂ ಹಿಡಿದು ಹಿಂದಕ್ಕೆ ಎಳೆಯಬೇಕು.

ವಿಭಕ್ತಿಯ ವಿಚಾರದಲ್ಲಿ ನಾನು ಬಹಳ ದಿನ ಹಟ ಮಾಡಿದೆ. ಅಡಿಕೆ, ಅಡಿಕೆಯ, ಅಡಿಕೆಗೆ, ಅಡಿಕೆಯಿಂದ ಎಲ್ಲವನ್ನೂ ಒಂದೇ ಮೂಲಕ್ಕೆ ಇಳಿಸುವ ನಿಯಮಗಳನ್ನು ಬರೆದೆ. ‘ಮಳೆಗಾಲ’ ಬಂತು. ಆದೇಶ ಸಂಧಿಯಲ್ಲಿ ಕಾಲ ಗಾಲವಾಗಿದೆ. ‘ಕಾಲ’ ಎಂದು ಹುಡುಕುವವನಿಗೆ ಅದು ಸಿಗುವುದಿಲ್ಲ. ನಿಯಮ ಹೆಚ್ಚಿಸಿದಷ್ಟೂ ಹೊಸ ತಪ್ಪು. ಕೊನೆಗೆ ವ್ಯಾಕರಣವನ್ನು ಬದಿಗಿಟ್ಟು ಪ್ರತಿ ಪದವನ್ನೂ ಮೂರು ಮೂರು ಅಕ್ಷರದ, ಒಂದರ ಮೇಲೊಂದು ಸರಿಯುವ ತುಂಡುಗಳಾಗಿ ಕತ್ತರಿಸಿದೆ: ಕೊಳೆರೋ, ಳೆರೋಗ. ಪದದ ಬಾಲ ಏನೇ ಇರಲಿ, ತಲೆ ಹೊಂದಿದರೆ ಸಾಕು. ಮಳೆಗಾಲದೊಳಗಿನ ಕಾಲ ಈಗಲೂ ತಪ್ಪಿಸಿಕೊಳ್ಳುತ್ತದೆ, ತಪ್ಪಿಸಿಕೊಳ್ಳಲಿ. ಸೂಚಿ ದಪ್ಪವಾಯಿತು, ಆದರೆ ವಾಚನಾಲಯದ ಹಳೆಯ ಡಿಸ್ಕಿನಲ್ಲಿ ಜಾಗಕ್ಕೇನೂ ಬರ ಇರಲಿಲ್ಲ. ಇದು ನೋಡಲು ಒರಟು ಉಪಾಯ. ಆದರೆ ಸ್ಕ್ಯಾನಿನಿಂದ ಅಕ್ಷರ ಎತ್ತುವಾಗ ಯಂತ್ರ ಒಂದೆರಡು ಅಕ್ಷರ ತಪ್ಪಿದರೂ ಉಳಿದ ತುಂಡುಗಳಿಂದ ಪದ ಸಿಗುತ್ತದೆ ಎಂಬ ಲಾಭವನ್ನು ನಾನು ಎಣಿಸಿಯೇ ಇರಲಿಲ್ಲ.

ಇದೇ ಕಾರಣಕ್ಕೆ ಕ್ಯಾಡೆಮ್ಲಿಯಾವನ್ನೂ ಕೈಬಿಟ್ಟೆ. 2002ರಲ್ಲಿ ಪೆಟಾರ್ ಮೇಮುಂಕೋವ್ ಮತ್ತು ಡೇವಿಡ್ ಮಾಜಿಯೆರ್ಸ್ ಮಂಡಿಸಿದ ಈ ವಿಧಾನದಲ್ಲಿ ಪ್ರತಿ ಯಂತ್ರಕ್ಕೂ ಪ್ರತಿ ವಸ್ತುವಿಗೂ 160 ಬಿಟ್ಟಿನ ಒಂದು ಸಂಖ್ಯೆ. ವಸ್ತುವಿನ ಸಂಖ್ಯೆಗೆ ಯಾವ ಯಂತ್ರದ ಸಂಖ್ಯೆ ಹತ್ತಿರವೋ ಅದರ ವಿವರ ಅಲ್ಲಿ. ಬಿಟ್‌ಟೊರೆಂಟ್ ಜಾಲದ ಲಕ್ಷಾಂತರ ಯಂತ್ರಗಳ ನಡುವೆ ಕೆಲವೇ ಜಿಗಿತಗಳಲ್ಲಿ ಬೇಕಾದದ್ದನ್ನು ತಲುಪಿಸುವುದು ಇದೇ. ಆದರೆ ಪದವನ್ನು ಸಂಖ್ಯೆಯಾಗಿಸಿದಾಗ ‘ಕೊಳೆರೋಗ’ ಒಂದು ಮೂಲೆಗೂ ‘ಕೊಳೆರೋಗಕ್ಕೆ’ ಇನ್ನೊಂದು ಮೂಲೆಗೂ ಹೋಗಿ ಬೀಳುತ್ತವೆ. ಹೆಸರು ಅಕ್ಷರಶಃ ಗೊತ್ತಿರುವವನಿಗೆ ಅದು ಸರಿ. ಅರ್ಧ ನೆನಪಿನಿಂದ ಹುಡುಕುವ ಮಾವನಂಥವರಿಗೆ ಅಲ್ಲ. ಮತ್ತೆ, ಒಂಬತ್ತು ಮನೆಯ ಊರಿಗೆ ಪಿನ್‌ಕೋಡ್ ಏಕೆ?

ಪ್ರಶ್ನೆಯನ್ನು ಒಂಬತ್ತೂ ಕಡೆಗೆ ಕಳುಹಿಸಿ ಉತ್ತರಗಳನ್ನು ಸೇರಿಸುವ ಮೊದಲ ಆವೃತ್ತಿ ಸಿದ್ಧವಾದಾಗ ‘ಅಡಿಕೆ’ ಎಂದು ಕೇಳಿದೆ. ಎಲ್ಲಕ್ಕಿಂತ ಮೇಲೆ ಬಂದದ್ದು ತಾಳಮದ್ದಳೆಯ ಒಂದು ಆಮಂತ್ರಣ ಪತ್ರಿಕೆ! ದಾನಿಗಳ ಪಟ್ಟಿಯಲ್ಲಿ ‘ಅಡಿಕೆ ವ್ಯಾಪಾರಿಗಳು’ ಎಂದು ಒಬ್ಬರ ಹೆಸರಿನ ಮುಂದೆ ಇತ್ತು, ಅಷ್ಟೇ. ಕೃಷಿ ಸಂಚಿಕೆಗಳ ಗಂಟೇ ಇದ್ದ ವಾಚನಾಲಯದ ಉತ್ತರಗಳು ಎರಡನೆಯ ಪುಟಕ್ಕೆ ಜಾರಿದ್ದವು.

ತಪ್ಪು ನಾನು ಬರೆದ ತಂತ್ರಾಂಶದಲ್ಲಿರಲಿಲ್ಲ, ಅಳತೆಗೋಲಿನಲ್ಲಿತ್ತು. ಅಪರೂಪದ ಪದಕ್ಕೆ ಹೆಚ್ಚು ತೂಕ, ಎಲ್ಲೆಲ್ಲೂ ಇರುವ ಪದಕ್ಕೆ ಕಡಿಮೆ ತೂಕ ಎಂಬ ವಿಚಾರವನ್ನು ಕ್ಯಾರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ಮುಂದಿಟ್ಟರು. ಇಂದಿಗೂ ಹುಡುಕಾಟದ ಬೆನ್ನೆಲುಬು ಅದು. ಆದರೆ ಅಪರೂಪ ಎಲ್ಲಿ? ಯಕ್ಷಗಾನದ ಪುಸ್ತಕಗಳೇ ತುಂಬಿದ ವಾಚನಾಲಯದಲ್ಲಿ ಅಡಿಕೆ ಅಪರೂಪ, ಆದ್ದರಿಂದ ಅಲ್ಲಿ ಅದಕ್ಕೆ ಚಿನ್ನದ ಬೆಲೆ. ಕೃಷಿ ಸಾಹಿತ್ಯ ತುಂಬಿದಲ್ಲಿ ಅಡಿಕೆಯನ್ನು ಕೇಳುವವರಿಲ್ಲ. ಒಂದು ಸಂತೆಯ ಸೇರನ್ನೂ ಇನ್ನೊಂದು ಸಂತೆಯ ಸೇರನ್ನೂ ಒಂದೇ ಎಂದು ನಾನು ಕೂಡಿಸಿದ್ದೆ. ಒಂದೇ ಯಂತ್ರದಲ್ಲಿ ಹುಡುಕುವವನಿಗೆ ಈ ತೊಂದರೆ ಎಂದೂ ಕಾಣುವುದಿಲ್ಲ. ಕಂಪನಿಯಲ್ಲಿ ಹನ್ನೆರಡು ವರ್ಷ ನನಗೂ ಕಂಡಿರಲಿಲ್ಲ. ಅಲ್ಲಿ ದಾಖಲೆಗಳನ್ನು ಯಂತ್ರಗಳಿಗೆ ಕಲಸಿ ಹಂಚುತ್ತಿದ್ದೆವು, ಎಲ್ಲ ಯಂತ್ರಗಳ ಲೆಕ್ಕವೂ ಹೆಚ್ಚುಕಡಿಮೆ ಒಂದೇ ಇರುತ್ತಿತ್ತು. ವಾಚನಾಲಯಗಳಿಗೆ ಒಂದೊಂದಕ್ಕೂ ಅದರದೇ ಸ್ವಭಾವ.

ಈಗ ರಾತ್ರಿ ಎರಡು ಗಂಟೆಗೆ ಪ್ರತಿ ಯಂತ್ರವೂ ತನ್ನಲ್ಲಿ ಅತಿ ಹೆಚ್ಚಾಗಿ ಬರುವ ಐದು ಸಾವಿರ ತುಂಡುಗಳ ಲೆಕ್ಕವನ್ನು ಮಾತ್ರ ಕಳುಹಿಸುತ್ತದೆ. ಒಂಬತ್ತನ್ನೂ ಕೂಡಿಸಿ ಇಡೀ ಜಾಲಕ್ಕೆ ಒಂದೇ ಅಳತೆ ಮಾಡಿ ಹಿಂದಕ್ಕೆ ಹಂಚುತ್ತೇನೆ. ಅಪರೂಪದ ತುಂಡುಗಳಿಗೆ ಅಷ್ಟು ಲೆಕ್ಕಾಚಾರ ಬೇಡ. ಇದೆಯೋ ಇಲ್ಲವೋ ಎಂದು ತಿಳಿದರೆ ಸಾಕು. ಅದಕ್ಕೆ ಬರ್ಟನ್ ಬ್ಲೂಮ್ 1970ರಲ್ಲಿ ಕೊಟ್ಟ ಸೋಸುಪಟ್ಟಿ ಇದೆ: ಅದು ‘ಇಲ್ಲ’ ಎಂದರೆ ಖಂಡಿತ ಇಲ್ಲ, ‘ಇದೆ’ ಎಂದರೆ ಬಹುಶಃ ಇದೆ. ತುಂಡೊಂದಕ್ಕೆ ಹತ್ತು ಬಿಟ್ ಕೊಟ್ಟರೆ ಸುಳ್ಳು ‘ಇದೆ’ ನೂರಕ್ಕೆ ಒಂದರಷ್ಟು. ಎಂಬತ್ತು ಸಾವಿರ ತುಂಡುಗಳಿರುವ ವಾಚನಾಲಯದ ಪಟ್ಟಿ 100 ಕಿಲೋಬೈಟ್. ಒಂಬತ್ತೂ ಸೇರಿದರೂ ಮೊಬೈಲಿನಲ್ಲಿ ತೆಗೆದ ಒಂದು ಫೋಟೋದಷ್ಟು ಭಾರವಿಲ್ಲ. ಪ್ರಶ್ನೆ ಬಂದಾಗ ಮೊದಲು ಈ ಪಟ್ಟಿ ನೋಡಿ, ಇರಬಹುದಾದ ಕಡೆಗೆ ಮಾತ್ರ ಕಳುಹಿಸುತ್ತೇನೆ. ಪಠ್ಯ ಯಾರ ಮನೆಯನ್ನೂ ಬಿಟ್ಟು ಹೊರಡುವುದಿಲ್ಲ, ಹಿರಿಯರಿಗೂ ಸಮಾಧಾನ.

ಮಲಯಾಳದಲ್ಲಿದ್ದ ಪುಸ್ತಕ ಪಟ್ಟಿಗಳು ಅನಿರೀಕ್ಷಿತವಾಗಿ ಸುಲಭವಾದವು. ಯೂನಿಕೋಡಿನಲ್ಲಿ ಕನ್ನಡ ಮತ್ತು ಮಲಯಾಳ ಅಕ್ಷರಗಳ ಸಾಲು ಒಂದೇ ಅಚ್ಚಿನವು. ಮಲಯಾಳದ ಅಕ್ಷರದ ಸಂಖ್ಯೆಯಿಂದ 128 ಕಳೆದರೆ ಕನ್ನಡದ ಅದೇ ಅಕ್ಷರ. ಅವರ ಚಿಲ್ಲು ಅಕ್ಷರಗಳಿಗೆ, ಅಂದರೆ ಸ್ವರವಿಲ್ಲದ ವ್ಯಂಜನಗಳಿಗೆ, ಮಾತ್ರ ಬೇರೆ ಉಪಚಾರ ಬೇಕು. ಗಡಿಯಲ್ಲಿ ಬದುಕುವವನಿಗೆ ಇಷ್ಟು ಸುಲಭದ ಕಳೆಯುವ ಲೆಕ್ಕ ಬೇರೆಲ್ಲೂ ಸಿಕ್ಕಿಲ್ಲ. ಲಿಪಿ ಬದಲಾದ ಮೇಲೆ ಹೆಸರು ಬದಲಾಗದಿರುವುದುಂಟೇ? ಹೊಸದುರ್ಗ ಎಂದು ನಾವು ಹೇಳುವುದು ಅವರಿಗೆ ಕಾಞಂಗಾಡು. ಇಂಥ ಜೋಡಿಗಳ ಪಟ್ಟಿಯನ್ನು ವಾಚನಾಲಯಗಳವರಿಂದಲೇ ಬರೆಸಿದೆ.

ಇಷ್ಟಾದ ಮೇಲೂ ಮಳೆಗಾಲ ಇದ್ದೇ ಇದೆ. ಒಂದು ಯಂತ್ರ ನೂರರಲ್ಲಿ ತೊಂಬತ್ತು ಹೊತ್ತು ಎಚ್ಚರವಾಗಿರುತ್ತದೆ ಎಂದಿಟ್ಟುಕೊಳ್ಳಿ. ಒಂಬತ್ತೂ ಒಟ್ಟಿಗೆ ಎಚ್ಚರವಾಗಿರುವುದು ನೂರರಲ್ಲಿ 39 ಹೊತ್ತು ಮಾತ್ರ. ಎಲ್ಲರ ಉತ್ತರಕ್ಕೂ ಕಾದರೆ ಪರದೆ ತಿರುಗುತ್ತಲೇ ಇರುತ್ತದೆ. ಆದ್ದರಿಂದ ಎರಡು ಸೆಕೆಂಡು ಕಾದು, ಬಂದಷ್ಟನ್ನು ತೋರಿಸಿ, ಕೆಳಗೆ ಒಂದು ಸಾಲು ಹಾಕುತ್ತೇನೆ: ‘ಅಡೂರು, ಮುಳ್ಳೇರಿಯದಿಂದ ಉತ್ತರ ಬರಲಿಲ್ಲ.’ ಕರೆಂಟು ಹೋದ ವಿಚಾರವನ್ನು ಜಗತ್ತಿಗೆ ಸಾರುತ್ತೀರಿ ಎಂದು ಒಬ್ಬರು ಆಕ್ಷೇಪಿಸಿದರು. ಆ ಸಾಲನ್ನು ಮಾತ್ರ ನಾನು ತೆಗೆಯಲಿಲ್ಲ. ‘ಸಿಗಲಿಲ್ಲ’ ಮತ್ತು ‘ಕೇಳಲು ಆಗಲಿಲ್ಲ’ ಎರಡೂ ಒಂದೇ ಎಂಬಂತೆ ತೋರಿಸಿದರೆ, ಹುಡುಕುವವನು ಇಲ್ಲವೆಂಬ ತೀರ್ಮಾನಕ್ಕೆ ಬಂದು ಎದ್ದು ಹೋಗುತ್ತಾನೆ.

ಮಾವನ ಲೇಖನ ಸಿಕ್ಕಿದ್ದು ಮರುವರ್ಷದ ಕಾರ್ತೆಲ್ ತಿಂಗಳಲ್ಲಿ. ‘ಕೊಳೆರೋಗ’ ಎಂಬ ಪದ ಅದರಲ್ಲಿ ಒಮ್ಮೆಯೂ ಇರಲಿಲ್ಲ, ಉದ್ದಕ್ಕೂ ‘ಮಹಾಳಿ’. ಹೊಸದುರ್ಗಕ್ಕಾಗಿ ಮಾಡಿದ ಜೋಡಿಪಟ್ಟಿಗೆ ಯಾರೋ ಪುಣ್ಯಾತ್ಮರು ಈ ಎರಡು ಹೆಸರುಗಳನ್ನೂ ಸೇರಿಸಿದ್ದರು. ಶಾಲೆಯ ಸ್ಮರಣ ಸಂಚಿಕೆಯೂ ಅಲ್ಲ, ಸಹಕಾರಿ ಸಂಘವೊಂದರದ್ದು. ಪುಟವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ತೋರಿಸಿದೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು; ಬೆರೆಸಿದ ಮೇಲೆ ಕತ್ತಿಯ ಅಲಗನ್ನು ಅದ್ದಿ ನೋಡಬೇಕು, ಅಲಗಿಗೆ ತಾಮ್ರದ ಬಣ್ಣ ಹಿಡಿದರೆ ಸುಣ್ಣ ಸಾಲದು.

ಮಾವ ಕನ್ನಡಕ ಏರಿಸಿ ಎರಡು ಸಲ ಓದಿದರು. “ಇದೇ. ಆದರೆ ಇದರ ಮುಂದಿನ ಪುಟದಲ್ಲಿ ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುವ ಚಿತ್ರ ಇತ್ತಲ್ಲ, ಅದೆಲ್ಲಿ?” ಎಂದು ಕೇಳಿದರು. ಮುಂದಿನ ಪುಟವನ್ನು ಸ್ಕ್ಯಾನ್ ಮಾಡಿದವರು ಬಿಟ್ಟುಬಿಟ್ಟಿದ್ದರು. ಭಾನುವಾರ ಬಸ್ಸು ಹತ್ತಿ ಅಲ್ಲಿಗೆ ಹೋಗಿ ಬಂದೆ.